ಖಾಲಿ ಮನೆಯ ಕರೆಂಟು

"ಊರಿನ ಬೀಗವೆಲ್ಲ ನಿಮ್ಮ ಮಾತು ಕೇಳುತ್ತೆ ಭಾವ, ನಮ್ಮಮ್ಮನ ಮನೆ ಬೀಗ ನಿಮಗ್ಯಾವ ಲೆಕ್ಕ!"

ಹೀಗಂದವನು ಕಿರಿಯ ಭಾಮೈದ. ಇಪ್ಪತ್ತು ವರ್ಷ ಐಸ್‌ಕ್ರೀಂ ಗಾಡಿ ತಳ್ಳಿಕೊಂಡು ಬೀದಿಬೀದಿ ಕೂಗಿದ ಗಂಟಲು ಅದು. ಗುಟ್ಟು ಹೇಳಿದರೂ ತಿರುವಿನಾಚೆ ಕೇಳಿಸುತ್ತದೆ. ಇದನ್ನು ಗುಟ್ಟಾಗಿ ಹೇಳಬೇಕು ಅನ್ನುವ ಇರಾದೆಯೂ ಅವನಿಗಿದ್ದಂತಿರಲಿಲ್ಲ. ಅಂಗಡಿ ಬೀದಿಯಲ್ಲಿ ಜನ ಗಿಜಿಗುಡುವ ಹೊತ್ತನ್ನೇ ನೋಡಿಕೊಂಡು ಬಂದಿದ್ದ.

ಬೀಗದ ಭಾವ ಕೈಯಲ್ಲಿದ್ದ ಅರ ಕೆಳಗಿಟ್ಟರು. ಮೂವತ್ತೈದು ವರ್ಷದಿಂದ ಅದೇ ಮೂಲೆ, ಅದೇ ಮಡಚುವ ಮೇಜು, ಅದೇ ಕಾಲು ಕುಂಟುವ ಸ್ಟೂಲು. ತಲೆಯ ಮೇಲೆ ಇನ್ನೂ ಹಲ್ಲು ಮೂಡದ ನೂರಾರು ಹೊಸ ಕೀಗಳ ತೋರಣ. ಊರವರಿಗೆ ಅವರು ಬೀಗದವರು, ಹೆಂಡತಿಯ ತಮ್ಮಂದಿರಿಗೆ ಬೀಗದ ಭಾವ. ಅತ್ತೆ ತೀರಿಕೊಂಡ ಮೇಲೆ ಅವರ ಮನೆಯನ್ನು ಮಾರುವುದೋ ಬಾಡಿಗೆಗೆ ಕೊಡುವುದೋ ಎಂದು ಮೂರು ಮಕ್ಕಳು ಹತ್ತು ತಿಂಗಳಿಂದ ಜಗಳಾಡುತ್ತಿದ್ದರು. ತಿಥಿಯ ದಿನಗಳಲ್ಲಿ ಮೂವರ ಕೈಯಲ್ಲೂ ಓಡಾಡಿದ್ದ ಬೀಗದ ಕೈ ಅಲ್ಲಿಯವರೆಗೆ ಭಾವನ ಹತ್ತಿರವೇ ಇರಲಿ ಅಂತ ತೀರ್ಮಾನವಾಗಿತ್ತು. ಮೂವರೂ ಒಪ್ಪಿದ ಮಾತು ಇದೊಂದೇ.

"ಮೆತ್ತಗೆ ಹೇಳಪ್ಪ. ಏನು ಸಮಾಚಾರ?"

"ಮೆತ್ತಗೆ ಹೇಳೋ ಬಿಲ್ಲೇ ಇದು? ಅಣ್ಣಾ, ಓದು."

ದೊಡ್ಡ ಭಾಮೈದ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತನಾದವನು. ಜೀವನದಲ್ಲಿ ಒಂದೇ ಒಂದು ಕಾಗದವನ್ನೂ ಎರಡು ಸಲ ನೋಡದೆ ಕೈಬಿಟ್ಟವನಲ್ಲ. ಆದರೆ ಈಗ ಕರೆಂಟ್ ಬಿಲ್ಲನ್ನು ಕೈಚಾಚಿ ದೂರ ಹಿಡಿದು, ಹತ್ತಿರ ತಂದು, ಕಣ್ಣು ಕಿರಿದು ಮಾಡಿ ಒದ್ದಾಡುತ್ತಿದ್ದ.

"ಕನ್ನಡಕ ಎಲ್ಲೋ ಬಿಟ್ಟಿದ್ದೀನಿ ಭಾವ, ನಿನ್ನೆಯಿಂದ ಸಿಕ್ತಾ ಇಲ್ಲ. ಎರಡು ಸಾವಿರದ ಚಿಲ್ಲರೆ ಯೂನಿಟ್ಟು. ಖಾಲಿ ಮನೆಗೆ! ನಾವು ನಿಮ್ಮನ್ನ ಏನೂ ಅನ್ನಲ್ಲ. ಬಾಡಿಗೆಗೆ ಕೊಟ್ಟಿದ್ರೆ ಕೊಟ್ಟಿದ್ದೀನಿ ಅಂದ್ಬಿಡಿ."

"ನಾನು ಆ ಮನೆ ಹೊಸಿಲು ದಾಟಿ ಹತ್ತು ತಿಂಗಳಾಯ್ತು ಕಣಪ್ಪ."

"ಹಾಗಾದ್ರೆ ಅಮ್ಮನೇ ಬಂದು ಫ್ಯಾನ್ ಹಾಕ್ಕೊಂಡು ಕೂತಿರ್ತಾಳೆ," ಎಂದ ಕಿರಿಯವನು, ಎದುರು ಸಾಲಿನವರಿಗೂ ಕೇಳಲಿ ಎಂಬಂತೆ. "ಭಾನುವಾರ ಎಲ್ಲರೂ ಮನೆ ಹತ್ರ ಸೇರೋಣ. ಕೀ ತಂದು ಒಪ್ಪಿಸಿಬಿಡಿ."

ಭಾಮೈದರಿಬ್ಬರೂ ಅತ್ತ ಹೋದರು. ಐದು ನಿಮಿಷವಾಗಿರಲಿಲ್ಲ, ಪಕ್ಕದ ಟೈಲರಮ್ಮ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ಎದ್ದು ಬಂದಳು. ಬೆಳಿಗ್ಗೆ ತನ್ನ ಬೀರುವಿನ ಕೀಗೆ ಇನ್ನೊಂದು ಜೋಡಿ ಮಾಡಿಕೊಡಿ ಅಂತ ಕೊಟ್ಟಿದ್ದಳು.

"ಅಣ್ಣಾ, ಆ ಕೀ... ಅಂಥಾ ಅರ್ಜೆಂಟೇನಿಲ್ಲ. ಆಮೇಲೆ ನೋಡೋಣ," ಎಂದು, ಅವರ ಮುಖ ನೋಡದೆ ಮೇಜಿನ ಮೇಲಿಂದ ತೆಗೆದುಕೊಂಡು ಹೋದಳು.

ಹದಿನಾರು ವರ್ಷದಿಂದ ಪಕ್ಕದಲ್ಲೇ ಕೂತವಳು. ಬೀಗದ ಭಾವನಿಗೆ ಬಿಲ್ಲು ಕುಟುಕಿರಲಿಲ್ಲ, ಇದು ಕುಟುಕಿತು. ಕಿತ್ತುಹೋದ ತೋಳನ್ನು ಟೈಲರ್ ಮತ್ತೆ ಹೊಲಿಯಬಹುದು. ಬೀಗದವನು ಕಂಡವರ ಮನೆ ತೆಗೆಯುತ್ತಾನಂತೆ ಅಂತ ಒಂದು ಮಾತು ಹುಟ್ಟಿದರೆ ಮುಗಿಯಿತು, ಸ್ಟೂಲು ಮಡಚಿಕೊಂಡು ಮನೆಗೆ ಹೋಗಬೇಕು.

ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡರು. ತರಕಾರಿಗೆ ಹೋಗಿ ಎರಡು ಗಂಟೆ ಬಿಟ್ಟು ಬಂದವಳು, ಹಸಿ ಕೂದಲಿನ ಗಂಟು ಬಿಚ್ಚಿ ಒಣಗಿಸಿಕೊಳ್ಳುತ್ತಾ, "ನನ್ನ ತಮ್ಮಂದಿರ ಬಾಯಿ ನಿಮಗೆ ಗೊತ್ತಲ್ಲ. ಯಾಕೆ ರಂಪ? ಸುಮ್ನೆ ಕಟ್ಟಿಬಿಡಿ," ಅಂದಳು. ಗಂಡ ಕಳ್ಳನಾದನಲ್ಲ ಅನ್ನುವ ಬೇಜಾರಿಗಿಂತ ಮಾತು ಬೇಗ ಮುಗಿಯಲಿ ಅನ್ನುವ ಆತುರವೇ ಅವಳಲ್ಲಿ ಹೆಚ್ಚಿತ್ತು. ಬೀಗದ ಭಾವನಿಗೆ ಆಗ ಅದು ಹೊಳೆಯಲಿಲ್ಲ. ಬೀಗದ ಒಳಗು ಬಲ್ಲವರು, ಹೆಂಡತಿಯ ಒಳಗು ಅವರ ಕಸುಬಲ್ಲ.

ಮರುದಿನ ವಿದ್ಯುತ್ ಕಚೇರಿಗೆ ಹೋದರು. ಕೌಂಟರಿನಲ್ಲಿದ್ದವನು ಬಿಲ್ಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

"ಇವರು ಯಾರು, ಬಿಲ್ಲಲ್ಲಿ ಹೆಸರಿರೋರು?"

"ನಮ್ಮತ್ತೆ ಸ್ವಾಮಿ."

"ಅವರೇ ಬಂದು ಅರ್ಜಿ ಕೊಡ್ಬೇಕು."

"ಅವರು ತೀರಿಕೊಂಡು ಹತ್ತು ತಿಂಗಳಾಯ್ತು."

"ಓಹೋ. ಹೋಗೋ ಮುಂಚೆ ಹೆಸರು ಬದಲಾಯಿಸಿ ಹೋಗಬೇಕಿತ್ತು," ಎಂದು ಅವನು ಅತ್ತೆಯ ಬೇಜವಾಬ್ದಾರಿಗೆ ತಲೆಯಾಡಿಸಿದ. "ನೋಡಿ ಯಜಮಾನ್ರೇ. ಮೊದಲಿದ್ದ ಮೀಟರ್ ರೀಡರ್ ಬೀದಿಯಲ್ಲೇ ನಿಂತು ಮುಚ್ಚಿದ ಕಿಟಕಿ ನೋಡಿ 'ಮನೆ ಖಾಲಿ' ಅಂತ ಬರೆದು ಹೋಗ್ತಿದ್ದ. ಅದಕ್ಕೇ ಇಷ್ಟು ದಿನ ಮಿನಿಮಮ್ ಬಂತು. ಈ ಸಲ ಹೊಸಬ. ಇನ್ನೂ ಕೆಲಸ ಕಲ್ತಿಲ್ಲ, ಗೇಟು ತೆಗೆದು ಹೋಗಿ ಮೀಟರನ್ನೇ ನೋಡಿಬಿಟ್ಟಿದ್ದಾನೆ. ಹತ್ತು ತಿಂಗಳದ್ದೂ ಒಟ್ಟಿಗೆ ಬಂದಿದೆ."

"ಆದ್ರೆ ಮನೆ ಖಾಲಿ ಸ್ವಾಮಿ."

"ಖಾಲಿ ಅನ್ನೋದು ನಿಮ್ಮ ಅಭಿಪ್ರಾಯ. ಮೀಟರ್‌ದು ಬೇರೆ ಅಭಿಪ್ರಾಯ. ನಾವು ಮೀಟರ್ ಕಡೆ. ಮುಂದಿನವರು ಬನ್ನಿ."

ಬೀಗದ ಭಾವ ಅಲ್ಲಿಂದ ಸೀದಾ ಅತ್ತೆಯ ಮನೆಗೆ ನಡೆದರು. ಗೇಟಿನ ಚಿಲಕ ತೆಗೆದು ಒಳಗೆ ಹೋದರೆ, ಬಾಗಿಲ ಪಕ್ಕದ ಗೋಡೆಯಲ್ಲಿ ಮೀಟರ್ ಇತ್ತು. ಅದರ ಕೆಂಪು ದೀಪ, ಜಗಳಕ್ಕೆ ನಿಂತವರ ರೆಪ್ಪೆಯ ಹಾಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಒಳಗೆ ಏನೋ ಓಡುತ್ತಿದೆ. ಜೇಬಿನಿಂದ ಬೀಗದ ಕೈ ತೆಗೆದು ಹಾಕಿದರು. ತಿರುಗಿಸುವ ಮುಂಚೆ ತಡೆದರು. ಈಗ ಒಬ್ಬನೇ ಒಳಗೆ ಹೋದರೆ, ನೋಡಿ, ಒಳಗೇ ಇದ್ದ ಅಂತಾರೆ. ಹಾಗೇ ಹೊರಗೆಳೆದರು.

ಎಳೆದು, ಅಭ್ಯಾಸದಂತೆ ಅಂಗೈ ಮೇಲೆ ತಟ್ಟಿದರು. ಹಳದಿ ಪುಡಿ ಉದುರಿತು.

ಆ ಬೀಗ ಅವರೇ ಕೂರಿಸಿದ್ದು. ಅದಕ್ಕೆ ಅವರು ಹಾಕಿದ್ದು ಪೆನ್ಸಿಲ್ಲಿನ ಕರಿ ಪುಡಿ ಒಂದೇ. ಕೈಯಲ್ಲಿರುವುದು ಹಳೆಯ ಉಕ್ಕಿನ ಕೀ, ಅದರಿಂದ ಹಿತ್ತಾಳೆ ಉದುರುವುದಿಲ್ಲ. ಹೊಸದಾಗಿ ಕೊರೆದ ಹಿತ್ತಾಳೆ ಕೀ ಒಳಗೆ ಓಡಾಡಿದರೆ ಮಾತ್ರ ಹೀಗೆ ಹಲ್ಲುಜ್ಜಿದ ಪುಡಿ ಬಿಟ್ಟು ಹೋಗುತ್ತದೆ. ಇಷ್ಟೊಂದು ಪುಡಿ ಬಿದ್ದಿದೆ ಅಂದರೆ ಕೊರೆದವನು ಕೊನೆಗೊಮ್ಮೆ ಅರ ಆಡಿಸಿ ನುಣುಪು ಮಾಡದ ಸೋಮಾರಿ.

"ಎದುರು ಮಾರ್ಕೆಟ್ಟಿನ ಕೀ ಮಾಡೋನು," ಅಂದುಕೊಂಡರು ಬೀಗದ ಭಾವ. ಎರಡು ದಿನದಲ್ಲಿ ಮೊದಲ ಸಲ ನಗು ಬಂತು.

ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸೇರಿದರು. ಕ್ಯಾಷಿಯರ್ ಕಂಕುಳಲ್ಲಿ ಫೈಲು, ಕಿರಿಯವನ ಬಾಯಲ್ಲಿ ಸಿದ್ಧ ಭಾಷಣ. ಹೆಂಡತಿ ಸೆರಗಿನ ತುದಿ ಸುತ್ತುತ್ತಾ ಗೇಟಿನ ಹತ್ತಿರವೇ ನಿಂತಳು. ಬೀಗದ ಭಾವ ಕೀ ಹಾಕಿ, ಹಿಂದೆ ಮುಂದೆ ಅಲುಗಾಡಿಸಿ, ಮುಖ ಬಾಡಿಸಿಕೊಂಡರು.

"ತಿರುಗ್ತಾ ಇಲ್ಲ."

"ನಿಮಗೇ ತಿರುಗ್ತಿಲ್ವಾ?" ಎಂದ ಕ್ಯಾಷಿಯರ್.

"ಯಾರೋ ಕಳ್ಳ ಕೀ ಹಾಕಿ ಹಾಳು ಮಾಡಿದ್ದಾರೆ. ನಾಳೆ ಬಡಗಿಯನ್ನ ಕರೆದು ಬಾಗಿಲು ಒಡೆಸೋಣ. ಅಲ್ಲೀವರೆಗೆ ಒಳಗೆ ಏನೇನು ಉರೀತಿದೆಯೋ ಉರೀಬಾರದು ನೋಡು, ಅದಕ್ಕೆ..." ಎನ್ನುತ್ತಾ ಮೀಟರಿನ ಕೆಳಗಿನ ಫ್ಯೂಸಿಗೆ ಕೈ ಹಾಕಿ ಕಿತ್ತು ಜೇಬಿಗೆ ಬಿಟ್ಟರು. ಕೆಂಪು ದೀಪದ ಬಡಿತ ನಿಂತಿತು.

ಕಿರಿಯವನ ಮುಖದ ಬಣ್ಣವೂ ಅದರ ಜೊತೆಗೇ ಹೋಯಿತು.

"ಅಯ್ಯೋ, ಫ್ಯೂಸ್ ಯಾಕೆ ಭಾವ?"

"ಇರಲಿ ಬಿಡು. ಒಂದು ದಿನ ತಾನೆ?"

"ಒಂದು ದಿನ!" ಕಿರಿಯವನು ಬಿಸಿಲು ನೋಡಿದ, ಬಾಗಿಲು ನೋಡಿದ, ಮತ್ತೆ ಬಿಸಿಲು ನೋಡಿದ. "ಬಡಗಿ ಇವತ್ತೇ ಬರಲ್ವಾ?"

"ಭಾನುವಾರ ಯಾವ ಬಡಗಿ ಬರ್ತಾನೆ? ಬನ್ನಿ, ಮನೆಗೆ ಹೋಗಿ ಕಾಫಿ ಕುಡಿಯೋಣ."

ಕ್ಯಾಷಿಯರ್ ಗೇಟಿನ ಕಡೆ ತಿರುಗಿದ. ಕಿರಿಯವನು ಎರಡು ಹೆಜ್ಜೆ ಹಾಕಿದವನು ನಿಂತ. ಹಣೆಯ ಮೇಲೆ ಬೆವರು. ಕೊನೆಗೆ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನ ದನಿ ಪಕ್ಕದವರಿಗೂ ಕೇಳದಷ್ಟು ಸಣ್ಣಗಾಯಿತು.

"ಭಾವ... ಇದನ್ನೊಂದ್ಸಲ ಹಾಕಿ ನೋಡ್ತೀರಾ? ದಾರೀಲಿ ಸಿಕ್ಕಿತ್ತು."

ಅವನ ಅಂಗೈಯಲ್ಲಿ ಹಿತ್ತಾಳೆ ಕೀ. ಬೀಗದ ಭಾವ ಅದನ್ನು ಬೆಳಕಿಗೆ ಹಿಡಿದು ಹಲ್ಲು ನೋಡಿದರು. ಅಂಚೆಲ್ಲ ತರಿತರಿ. ಹಾಕಿದರು, ಗೊರಗೊರ ಅಂತು, ಬಾಗಿಲು ತೆರೆಯಿತು.

"ದಾರೀಲಿ ಸಿಕ್ಕಿದ ಕೀಗೆ ನಮ್ಮ ಬಾಗಿಲ ವಿಳಾಸ ಗೊತ್ತಿತ್ತು ನೋಡು!"

ಅಡುಗೆಮನೆಯಲ್ಲಿ ಆಳೆತ್ತರದ ಡೀಪ್ ಫ್ರೀಜರ್. ಒಳಗೆ ಐಸ್‌ಕ್ರೀಂ ಕಪ್ಪು, ಕೋನು, ಕಡ್ಡಿ, ಎಲ್ಲವೂ ಅಚ್ಚುಕಟ್ಟಾಗಿ ಜೋಡಿಸಿಕೊಂಡು ಮಲಗಿದ್ದವು.

"ಥೂ ನಿನ್ನ!" ಕ್ಯಾಷಿಯರ್ ಎಗರಿಬಿದ್ದ. "ಅಮ್ಮನ ಮನೇನ ಗೋಡೌನ್ ಮಾಡ್ಕೊಂಡಿದ್ದೀಯಾ? ಭಾವನ ಮೇಲೆ ಹಾಕಿದ್ಯಲ್ಲೋ, ದೇವರಂಥ ಮನುಷ್ಯನ ಮೇಲೆ! ನಾನು ಅವತ್ತೇ ಅಂದ್ಕೊಂಡೆ, ಭಾವ ಅಂಥವರಲ್ಲ ಅಂತ!"

ಬೀಗದ ಭಾವ ಅತ್ತೆಯ ಕೋಣೆಗೆ ನಡೆದರು. ಟಿವಿಯ ಮುಂದೆ ಆರಾಮ ಕುರ್ಚಿ, ಕುರ್ಚಿಯ ಮೇಲೆ ಎರಡು ದಿಂಬು, ಕೆಳಗೆ ಒಂದು ಜೊತೆ ವಾಕಿಂಗ್ ಶೂ. ಟಿವಿಯ ತಲೆಯ ಮೇಲೆ ಮಡಚಿಟ್ಟ ಕನ್ನಡಕ. ಅದನ್ನು ಎತ್ತಿಕೊಂಡು ಬಂದು ಕ್ಯಾಷಿಯರನ ಮೂಗಿನ ಮೇಲೆ ಕೂರಿಸಿದರು.

"ಈಗ ಬಿಲ್ಲು ಚೆನ್ನಾಗಿ ಕಾಣುತ್ತಾ ನೋಡಪ್ಪ."

ಕ್ಯಾಷಿಯರ್ ಕಂಠ ಸರಿಪಡಿಸಿಕೊಂಡ. "ಬೆಳಿಗ್ಗೆ ವಾಕಿಂಗ್ ಅಂತ ಹೊರಡ್ತೀನಿ... ನಿವೃತ್ತಿ ಆದಮೇಲೆ ಮನೇಲಿ ರಿಮೋಟ್ ನನ್ನ ಕೈಗೆ ಬಂದೇ ಇಲ್ಲ ಭಾವ. ಫ್ಯಾನ್ ಮಾತ್ರ ಎರಡರಲ್ಲೇ ಇಡ್ತಿದ್ದೆ."

"ಹತ್ತು ತಿಂಗಳು ಬಂದಿದ್ದೀಯ. ಈ ಫ್ರೀಜರ್ ಕಾಣಲಿಲ್ವಾ?"

"ಜನ್ಮದಲ್ಲಿ ಅಡುಗೆಮನೆಗೆ ಕಾಲಿಟ್ಟವನಲ್ಲ ನಾನು."

"ಸುಳ್ಳು!" ಕಿರಿಯವನಿಗೆ ದನಿ ವಾಪಸು ಬಂತು. "ವಾರಕ್ಕೆ ಮೂರು ಕಪ್ಪು ಕಡಿಮೆ ಆಗ್ತಿತ್ತು! ಇಲಿ ಅಂದ್ಕೊಂಡಿದ್ದೆ!"

"ಇಲಿ ಚಮಚ ತೊಳೆದು ಬೋರಲು ಹಾಕಿ ಹೋಗುತ್ತಾ?" ಎಂದರು ಬೀಗದ ಭಾವ. ಸಿಂಕಿನ ಪಕ್ಕ ಒಂದೇ ಒಂದು ಚಮಚ, ಶುಭ್ರವಾಗಿ ತೊಳೆದು, ಬೋರಲು ಹಾಕಿತ್ತು. ಕ್ಯಾಷಿಯರ್ ಚಮಚ ತೊಳೆಯುವವನಲ್ಲ. ಹಾಗೆ ಬೋರಲು ಹಾಕುವವರು ಯಾರೆಂದು ಬೀಗದ ಭಾವನಿಗೆ ಮೂವತ್ತೆಂಟು ವರ್ಷದಿಂದ ಗೊತ್ತು.

ಅವರು ನಿಧಾನಕ್ಕೆ ಬಚ್ಚಲಮನೆಯ ಬಾಗಿಲು ತಳ್ಳಿದರು. ಗೀಸರಿನ ಸ್ವಿಚ್ಚು ಕೆಳಗಿತ್ತು. ಗೂಟದಲ್ಲಿ ನೀಲಿ ಟವೆಲ್ಲು. ಅವರ ಮನೆಯಿಂದ ಎರಡು ತಿಂಗಳ ಹಿಂದೆ ಕಾಣೆಯಾದದ್ದು.

ಹೆಂಡತಿ ಹೊಸಿಲಲ್ಲಿ ನಿಂತಿದ್ದಳು.

"ಮನೇಲಿ ಏಳು ಜನಕ್ಕೆ ಒಂದು ಬಚ್ಚಲು," ಎಂದಳು. "ಮೈಗೆ ಎರಡನೇ ಚೊಂಬು ಬೀಳೋ ಹೊತ್ತಿಗೆ ಯಾರಾದ್ರೂ ಬಾಗಿಲು ಬಡೀತಾರೆ. ವಾರಕ್ಕೆ ಮೂರು ಸಲ, ಯಾರೂ ಬಡೀದೆ, ನೀರು ತಣ್ಣಗಾಗೋವರೆಗೂ... ಆಮೇಲೆ ಒಂದು ಕಪ್ಪು. ಅಷ್ಟೇ ರೀ."

ಬೀಗದ ಭಾವ ಈಗ ಮೂವರನ್ನೂ ಸರದಿಯಲ್ಲಿ ನೋಡಿದರು. ಅಣ್ಣನ ಶೂ ತಮ್ಮನಿಗೆ ಕಂಡಿದೆ, ತಮ್ಮನ ಫ್ರೀಜರಿನ ಗುಂಯ್ ಅಣ್ಣನಿಗೆ ಕೇಳಿದೆ, ಅಕ್ಕ ಇಬ್ಬರದನ್ನೂ ಕಂಡಿದ್ದಾಳೆ, ಅಕ್ಕನ ಟವೆಲ್ಲು ಇಬ್ಬರೂ ಕಂಡಿದ್ದಾರೆ. ಬಾಯಿ ಬಿಟ್ಟರೆ 'ನೀನು ಹೇಗೆ ನೋಡಿದೆ' ಅನ್ನುವ ಪ್ರಶ್ನೆ ಬರುತ್ತದಲ್ಲ, ಅದಕ್ಕೆ ಎಲ್ಲರೂ ಗಪ್‌ಚಿಪ್. ಆ ಮನೆಯ ವಿಷಯ ಏನೇನೂ ಗೊತ್ತಿಲ್ಲದಿದ್ದವರು ಇಡೀ ಸಂಸಾರದಲ್ಲಿ ಒಬ್ಬರೇ ಒಬ್ಬರು. ಅವರನ್ನೇ ಆರಿಸಿ ಕಳ್ಳನನ್ನಾಗಿ ಮಾಡಿದ್ದರು.

"ನೀನೂ ಕೀ ಮಾಡಿಸಿದ್ಯಾ?" ಎಂದು ಹೆಂಡತಿಯನ್ನು ಕೇಳಿದರು.

"ಹೂಂ."

"ಎಲ್ಲಿ?"

ಅವಳು ತಲೆ ತಗ್ಗಿಸಿದಳು. "ಎದುರು ಮಾರ್ಕೆಟ್ಟಲ್ಲಿ. ನಿಮ್ಮ ಹತ್ರ ಮಾಡಿಸಿದ್ರೆ ನೂರು ಪ್ರಶ್ನೆ ಕೇಳ್ತೀರಲ್ಲ."

ಅಷ್ಟರವರೆಗೆ ಕಲ್ಲಿನಂತಿದ್ದ ಮನುಷ್ಯ ಅತ್ತೆಯ ಕೋಣೆಗೆ ಬಂದು ಆರಾಮ ಕುರ್ಚಿಯಲ್ಲಿ ಕುಸಿದರು. ಬೀಗ ಬಿಚ್ಚಿದ್ದು ಹೋಗಲಿ, ಗುಟ್ಟು ಮುಚ್ಚಿದ್ದೂ ಹೋಗಲಿ. ಸ್ವಂತ ಹೆಂಡತಿ, ಅರ ಹಿಡಿಯಲೂ ಬಾರದ ಆ ಮಹಾನುಭಾವನ ಹತ್ತಿರ ದುಡ್ಡು ಕೊಟ್ಟು ಕೀ ಮಾಡಿಸಿದ್ದಾಳೆ!

ಕ್ಯಾಷಿಯರ್ ಫೈಲು ಬಿಚ್ಚಿದ. "ಆಗಿದ್ದು ಆಯ್ತು. ಬಿಲ್ಲನ್ನ ನಾಲ್ಕು ಭಾಗ ಮಾಡಿದ್ರೆ..."

"ನಾಲ್ಕನೆಯವನು ಯಾರು?"

"ಅಂದ್ರೆ... ನೀವೂ ಮನೆಯವರೇ ಅಲ್ವಾ ಭಾವ."

"ಕಟ್ಟೋಕೆ ಮನೆಯವನು, ಕಳ್ಳತನಕ್ಕೆ ಹೊರಗಿನವನು!" ಬೀಗದ ಭಾವ ಎದ್ದು ನಿಂತರು. "ಬಿಲ್ಲಿನ ವಿಷಯದಲ್ಲಿ ನೀವು ಮೂವರು ಹೇಗಾದ್ರೂ ಸಾಯಿರಿ. ನನಗೆ ಬೇಕಾಗಿರೋದು ಬೇರೆ. ಅವತ್ತು ಎಲ್ಲಿ ನಿಂತು ಅಂದ್ರೋ ಅಲ್ಲೇ ನಿಂತು, ಅವತ್ತು ಎಷ್ಟು ಜೋರಾಗಿ ಅಂದ್ರೋ ಅಷ್ಟೇ ಜೋರಾಗಿ ನಾಳೆ ಹೇಳ್ಬೇಕು. ಅಲ್ಲೀವರೆಗೆ ಫ್ಯೂಸು ನನ್ನ ಜೇಬಲ್ಲೇ ಇರುತ್ತೆ."

"ಭಾವ, ಐಸ್‌ಕ್ರೀಂ!"

"ಹೌದಲ್ಲ. ಬೆಳಿಗ್ಗೆ ಬೇಗ ಬಾ."

ಮರುದಿನ ಅಂಗಡಿ ಬೀದಿಯಲ್ಲಿ ಬಾಗಿಲುಗಳು ಇನ್ನೂ ಅರ್ಧ ತೆರೆದಿದ್ದವು, ಕಿರಿಯವನು ಬಂದು ನಿಂತಾಗಿತ್ತು. ಹಿಂದೆ ಕ್ಯಾಷಿಯರ್, ಸಾಲ ಕೇಳಲು ಬಂದವನ ಭಂಗಿಯಲ್ಲಿ. ಬೀಗದ ಭಾವ ತಲೆ ಎತ್ತಿ ನೋಡಲಿಲ್ಲ. ಹೆಂಡತಿಯ ಹಿತ್ತಾಳೆ ಕೀಯನ್ನು ಇಕ್ಕಳದಲ್ಲಿ ಹಿಡಿದು, ಮಾರ್ಕೆಟ್ಟಿನವನ ತರಿತರಿ ಹಲ್ಲನ್ನು ಒಂದೊಂದಾಗಿ ಅರದಿಂದ ನುಣುಪು ಮಾಡುತ್ತಿದ್ದರು.

"ಬೀಗದ ಭಾವ ಕಳ್ಳ ಅಲ್ಲಾ!" ಕಿರಿಯವನು ಕೂಗಿದ, ವೆನಿಲಾ ಮಾರುವ ರಾಗದಲ್ಲೇ. "ಖಾಲಿ ಮನೆ ಕರೆಂಟ್ ಸುಟ್ಟೋರು ನಾವೇ! ನಾನು, ನಮ್ಮಣ್ಣ..." ಅಕ್ಕನ ಸರದಿ ಬಂದಾಗ ಭಾವನ ಕಡೆ ನೋಡಿದ. ಭಾವ ಅರವನ್ನು ಒಂದು ಕ್ಷಣ ತಡೆದು, ಬೇಡ ಎಂಬಂತೆ ತಲೆಯಾಡಿಸಿದರು. "...ನಾವಿಬ್ಬರೇ!"

ಎರಡು ಕಿಟಕಿ ತೆರೆದವು.

"ನಿನ್ನದೂ ಆಗಲಿ," ಎಂದರು ಬೀಗದ ಭಾವ ಕ್ಯಾಷಿಯರಿಗೆ.

"ಮೇಲಿನದನ್ನು ದೃಢೀಕರಿಸುತ್ತೇನೆ," ಎಂದು ಅವನು ಗೊಣಗಿದ.

"ಕೇಳಿಸಲಿಲ್ಲ."

"ದೃಢೀಕರಿಸ್ತೀನಿ ಭಾವ!"

ಬೀಗದ ಭಾವ ಫ್ಯೂಸನ್ನು ಮೇಜಿನ ಮೇಲಿಟ್ಟರು. ಕಿರಿಯವನು ಅದನ್ನು ಕಸಿದುಕೊಂಡು ಓಟ ಕಿತ್ತ, ಕ್ಯಾಷಿಯರ್ ಅವನ ಹಿಂದೆ, ಹತ್ತು ತಿಂಗಳಲ್ಲಿ ಮೊದಲ ಸಲ ನಿಜವಾಗಿ ವಾಕಿಂಗ್ ಮಾಡುತ್ತಾ.

ಬೀಗದ ಭಾವ ಹೆಂಡತಿಯ ಕೀಯ ಕೊನೆಯ ಹಲ್ಲಿಗೆ ಊದಿ, ಬೆರಳು ಸವರಿ ನೋಡಿ, ಕಿಸೆಗೆ ಹಾಕಿಕೊಂಡರು. ತಲೆ ಎತ್ತಿದರೆ ಟೈಲರಮ್ಮ ಎದುರಿಗಿದ್ದಳು. ತನ್ನ ಬೀರುವಿನ ಕೀಯನ್ನು ಮೇಜಿನ ಮೇಲೆ, ಮೊದಲು ಇಟ್ಟಿದ್ದ ಜಾಗದಲ್ಲೇ ಇಟ್ಟು, ಹೊಲಿಗೆ ಮಿಷನ್ನಿಗೆ ವಾಪಸಾದಳು.