ಗಾಜಿನ ಮೇಲೆ ಆಡಿದ ಮಾತು

ನಾನು ಒಂದು ತಣ್ಣನೆಯ ಪೆಟ್ಟಿಗೆ. ಕೊಯಮತ್ತೂರಿನ ತಗಡಿನ ಶೆಡ್ಡೊಂದರಲ್ಲಿ ಹುಟ್ಟಿದೆ. ನನ್ನ ಜೊತೆಯಲ್ಲೇ ಹುಟ್ಟಿದ ಇನ್ನೊಂದು ಪೆಟ್ಟಿಗೆಯನ್ನು ಐಸ್‌ಕ್ರೀಂ ಅಂಗಡಿಯವರು ಕೊಂಡೊಯ್ದರು. ನನಗೆ ಮಾತ್ರ ಆಳುದ್ದದ ಮೈ ಕೊಟ್ಟು, ಮೇಲೆ ಗಾಜಿನ ಮುಚ್ಚಳ ಕೂಡಿಸಿದರು. ಇಷ್ಟು ಉದ್ದದ ಐಸ್‌ಕ್ರೀಂ ಯಾರು ತಿಂದಾರು ಎಂದು ನಾನು ತಲೆ ಕೆಡಿಸಿಕೊಂಡಿದ್ದೆ.

ನನ್ನನ್ನು ಕೊಂಡವನು ಹುಣಸೂರಿನಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಕೆಂಪರಾಜು. ಮನೆಗೆ ಕಾಲಿಟ್ಟ ದಿನವೇ ಅವನ ಹೆಂಡತಿ ಜಯಮಣಿ ಬಾಗಿಲಿಗೆ ಅಡ್ಡ ನಿಂತಳು.

"ಇದನ್ನ ಮದ್ವೆ ಪಾತ್ರೆ ಪಕ್ಕ ಮಾತ್ರ ಇಡ್ಬೇಡಿ. ಹಿತ್ಲಲ್ಲಿ ಬಿದ್ದಿರ್ಲಿ."

ನನಗೆ ಮುಖಕ್ಕೆ ಹೊಡೆದಂತಾಯಿತು. ಯಾವ ತಪ್ಪೂ ಮಾಡದವನನ್ನು ಹೀಗೇಕೆ ಹೊರಗಿಡುತ್ತಾರೆ ಎಂದು ತಿಳಿಯಲಿಲ್ಲ.

ಮೊದಲ ಸಲ ನನ್ನೊಳಗೆ ಮಲಗಿದ್ದು ಒಬ್ಬ ನಿವೃತ್ತ ಮೇಷ್ಟ್ರು. ಪಾಪ, ದಣಿದಿದ್ದಾರೆ, ತಂಪಿಗೆ ಕಣ್ಣು ಹತ್ತಿದೆ ಎಂದುಕೊಂಡೆ. ಆದರೆ ಊರಿಗೆ ಊರೇ ಬಂದು ನನ್ನ ಗಾಜಿನ ಮೇಲೆ ಬಗ್ಗಿ ಅವರನ್ನು ಹೊಗಳತೊಡಗಿತು. "ನಿಮ್ಮಂಥೋರು ಎಲ್ಲವ್ರೆ ಮೇಷ್ಟ್ರೇ" ಎಂದು ಒಬ್ಬ ಗೋಳಾಡಿದ. ಇಷ್ಟು ಒಳ್ಳೆಯ ಮಾತಿಗೂ ಮೇಷ್ಟ್ರು ಕಣ್ಣು ಬಿಡಲಿಲ್ಲ. ಎಂಥಾ ಬಿಗುಮಾನವಪ್ಪಾ ಎನಿಸಿತು. ಆಮೇಲೆ ಬಂದವರೆಲ್ಲರೂ ಅದೇ ಜಾತಿಯ ಬಿಗುಮಾನದವರು.

ಒಳಗಿರುವವರು ಏಳುವುದಿಲ್ಲ ಎಂಬುದು ಕೊನೆಗೆ ನನ್ನ ತಲೆಗೆ ಹೋಯಿತು. ಹೊರಗೆ ನಿಂತವರ ರೀತಿಯೇ ಅರ್ಥವಾಗಲಿಲ್ಲ. ಕೇಳುವ ಕಿವಿ ಇದ್ದಾಗ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಈಗ ಗಾಜಿನ ಮೇಲೆ ಬಿದ್ದು ಹೊರಳಾಡಿದರೆ ಯಾರಿಗೆ ಕೇಳೀತು? ಒಳಗೆ ಕೇಳುವುದು ನನ್ನ ಮೋಟಾರಿನ ಸದ್ದು ಒಂದೇ.

ಪ್ರತಿ ಮನೆಯಿಂದ ಹೊರಡುವ ಮುಂಚೆ ಕೆಂಪರಾಜು ನನ್ನ ಗಾಜನ್ನು ಒರೆಸುತ್ತಿದ್ದ. ಹಣೆಯಿಟ್ಟ ಗುರುತು, ಕೈಬೆರಳ ಗುರುತು, ಕಣ್ಣೀರ ಕಲೆ ಎಲ್ಲ ಅವನ ಬಟ್ಟೆಗೆ ಬರುತ್ತಿದ್ದವು. ಆವತ್ತು ಅವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತಿತ್ತು. ದಾರಿಯಲ್ಲಿ ಗಾಡಿ ನಿಲ್ಲಿಸಿ ಜಯಮಣಿಗೆ ಮಲ್ಲಿಗೆ ಹೂ ಕೊಳ್ಳುತ್ತಿದ್ದ. ತಾನು ಯಾವತ್ತೂ ಗದರುವ ಕೆಲಸದವರಿಗೆ ಟೀ ಕೊಡಿಸುತ್ತಿದ್ದ. ಎರಡು ದಿನ ಕಳೆದರೆ ಕಾಯಿಲೆ ವಾಸಿಯಾಗಿ, ಮತ್ತೆ ಹಳೆಯ ಸಿಡುಕು. ಯಾವುದು ಕಾಯಿಲೆ, ಯಾವುದು ಆರೋಗ್ಯ ಎಂದು ನನಗೇ ಗೊಂದಲವಾಗುತ್ತಿತ್ತು.

ಆ ಎರಡು ದಿನಗಳಲ್ಲಿಯೂ ಅವನು ಒಂದು ಕಡೆಗೆ ಮಾತ್ರ ತಲೆ ಹಾಕುತ್ತಿರಲಿಲ್ಲ. ಅದು ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿದ್ದ ಅವನ ಅಣ್ಣ ಸಿದ್ದರಾಜುವಿನ ಮನೆ. ನಾನು ಬರುವುದಕ್ಕೂ ಮುಂಚೆ, ಸಿದ್ದರಾಜುವಿನ ಮಗಳು ರೂಪಳ ಮದುವೆಗೆ ಕೆಂಪರಾಜುವೇ ಶಾಮಿಯಾನ ಹಾಕಿದ್ದನಂತೆ. ಧಾರೆಯ ಹೊತ್ತಿಗೆ ಮಳೆ ಹುಯ್ದು, ಶಾಮಿಯಾನದ ಹೊಟ್ಟೆಯಲ್ಲಿ ನಿಂತ ನೀರೆಲ್ಲ ಗಂಡಿನ ಕಡೆಯವರ ತಲೆಯ ಮೇಲೆ ಸುರಿಯಿತಂತೆ. ಸಿಟ್ಟಿನಲ್ಲಿ ಅಣ್ಣ ತುಂಬಿದ ಚಪ್ಪರದಲ್ಲಿ, "ನಿನ್ ಹರ್ಕಲು ಶಾಮಿಯಾನ ಸಾವಿನ್ ಮನೆಗೂ ಲಾಯಕ್ಕಿಲ್ಲ" ಎಂದುಬಿಟ್ಟ. ಅಲ್ಲಿಗೆ ಮಾತು ನಿಂತಿತು. ಅಣ್ಣತಮ್ಮಂದಿರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದರು.

"ನಿಮ್ಮಣ್ಣಂಗೆ ಮಂಡಿ ನೋವಂತೆ. ಒಂದ್ಸಲ ಹೋಗಿ ಬರ್ಬಾರ್ದಾ?" ಎಂದು ಜಯಮಣಿ ಆಗಾಗ ಕೇಳುತ್ತಿದ್ದಳು.

"ಅಂದೋನು ಅವ್ನು. ಅವ್ನೇ ಬರ್ಲಿ."

ಒಂದು ದಿನ ಬಿಳಿಕೆರೆಯ ಮನೆಯೊಂದಕ್ಕೆ ಹೋಗಿದ್ದೆವು. ನನ್ನೊಳಗೆ ಒಬ್ಬ ಮುದುಕಿ ಮಲಗಿದ್ದಳು. ಅವಳನ್ನು ಎತ್ತುವ ಹೊತ್ತಿಗೆ ಅವಳ ತಂಗಿ ಬಸ್ಸಿಳಿದು ಬಂದಳು. ಇವರಿಬ್ಬರಿಗೂ ಯಾವ ಕಾಲದಿಂದಲೋ ಮಾತಿರಲಿಲ್ಲವಂತೆ. ತಂಗಿ ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಗಾಜಿನ ಮೇಲಿಟ್ಟಳು.

"ಕೋಡುಬಳೆ ಕಣಕ್ಕ. ನಿಂಗಿಷ್ಟ ಅಂತ ಸುಟ್ಕೊಂಡ್ ಬಂದೆ. ಹೋದ್ ವಾರವೇ ಬರ್ಬೇಕಂತಿದ್ದೆ. ಒಂದ್ ತಿನ್ನಕ್ಕ."

ಅಕ್ಕ ತಿನ್ನಲಿಲ್ಲ. ಎಲ್ಲ ಮುಗಿದ ಮೇಲೆ ಕೆಂಪರಾಜು ಗಾಜು ಒರೆಸಲು ಬಂದ. ಡಬ್ಬಿಯ ತಳದ ಎಣ್ಣೆ ಗಾಜಿನ ಮೇಲೆ ಬಳೆಯಾಕಾರಕ್ಕೆ ಅಂಟಿಕೊಂಡಿತ್ತು. ತಿಕ್ಕಿದಷ್ಟೂ ಅದು ಹರಡಿತೇ ಹೊರತು ಹೋಗಲಿಲ್ಲ. ಅವನು ಬಟ್ಟೆ ಎಸೆದು ಗಾಡಿ ಹತ್ತಿದ. ಹುಣಸೂರು ಬಂದರೂ ಗಾಡಿ ನಿಲ್ಲಲಿಲ್ಲ. ಪಿರಿಯಾಪಟ್ಟಣದ ರಸ್ತೆ ಹಿಡಿಯಿತು.

ಅಣ್ಣನ ಮನೆಯ ಮುಂದೆ ಗಾಡಿಯೇನೋ ನಿಂತಿತು. ಕೆಂಪರಾಜುವಿಗೆ ಇಳಿಯಲು ಕಾಲು ಬರಲಿಲ್ಲ. ಸ್ಟೇರಿಂಗ್ ಮೇಲೆ ತಲೆಯಿಟ್ಟು ಕೂತೇ ಇದ್ದ. ಹಿಂದೆ ನಾನಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಊರವರ ಕಣ್ಣಿಗೆ ಮೊದಲು ಬಿದ್ದದ್ದು ನಾನೇ.

ಅತ್ತಿಗೆ ಹೊನ್ನಮ್ಮ ಹೊರಗೆ ಬಂದವಳು ನನ್ನನ್ನು ಕಂಡು ಹೊಸ್ತಿಲಲ್ಲೇ ಕುಸಿದಳು. "ಬ್ಯಾರನ್ ತಾವ ಹೋಗ್ಬತ್ತೀನಿ ಅಂದೋರು ಪೆಟ್ಟಿಗೇಲಿ ಬಂದ್‌ಬುಟ್ರಲ್ಲಪ್ಪೋ!" ಬೀದಿಯ ಹೆಂಗಸರು ಸೇರಿ ದನಿಗೂಡಿಸಿದರು. ಯಾರೋ ಹಾರ ತಂದರು. ಇನ್ಯಾರೋ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕಡೆಗೆ ಓಡಿ, "ಸಿದ್ದಣ್ಣ, ನಿಮ್ಮನೆ ಮುಂದೆ ಪೆಟ್ಟಿಗೆ ನಿಂತೈತೆ!" ಎಂದು ಕೂಗಿದರು. ಹೆಂಡತಿಗೇ ಏನೋ ಆಯಿತೆಂದು ಸಿದ್ದರಾಜು ಮಂಡಿ ನೋವನ್ನೂ ಮರೆತು ಓಡಿಬಂದ.

ಗಂಡನನ್ನು ಕಂಡು ಹೊನ್ನಮ್ಮನ ಅಳು ಅರ್ಧಕ್ಕೇ ನಿಂತಿತು.

"ನೀವು ಇದ್ದೀರಾ?"

"ನೀನ್ ಇದ್ದೀಯಾ?"

ಹಾಗಾದರೆ ಹೋದವರು ಯಾರು? ಹಾರ ಹಿಡಿದವನು ಯಾರ ಕೊರಳಿಗೆಂದು ತಿಳಿಯದೆ ಸುತ್ತಲೂ ನೋಡಿದ. ನನಗಂತೂ ತಲೆ ಬುಡ ಅರ್ಥವಾಗಲಿಲ್ಲ. ನನ್ನೊಳಗೆ ಯಾರೂ ಇಲ್ಲ ಎಂದು ಹೇಳೋಣವೆಂದರೆ ನನಗೆ ಬಾಯಿಲ್ಲ. ಅಷ್ಟರಲ್ಲಿ ಸಿದ್ದರಾಜುವಿನ ಕಣ್ಣು ನನ್ನ ಮಗ್ಗುಲಲ್ಲಿ ಬರೆದಿದ್ದ ಹೆಸರಿನ ಮೇಲೆ ಬಿತ್ತು. 'ಕೆಂಪರಾಜು ಶಾಮಿಯಾನ.' ಹೋದವನು ತಮ್ಮನೇ ಎಂದುಕೊಂಡ. ತಡವರಿಸುತ್ತ ಗಾಡಿ ಹತ್ತಿದ. ಬಿಸಿಲು ಗಾಜಿನ ಮೇಲೆ ಝಗ್ಗೆನ್ನುತ್ತಿತ್ತು, ಒಳಗೇನೂ ಕಾಣುತ್ತಿರಲಿಲ್ಲ. ಸೊಪ್ಪಿನ ಅಂಟು ಮೆತ್ತಿದ ಎರಡೂ ಕೈಗಳನ್ನು ನನ್ನ ಮೇಲೆ ಊರಿ ಹಣೆಯಿಟ್ಟ.

"ಕೆಂಪಾ... ಆ ಮಾತು ಆಡ್ಬಾರ್ದಿತ್ತು ಕಣೋ ನಾನು. ಮಳೆ ಹುಯ್ದ್ರೆ ನೀನೇನ್ ಮಾಡಕಾಯ್ತದೆ? ನಿನ್ ಶಾಮಿಯಾನ ಚೆನ್ನಾಗೇ ಇತ್ತು ಕಣೋ!"

ಯಾವಾಗಿನಂತೆ ಉತ್ತರ ಬಾರದ ಆ ಮೌನಕ್ಕೆ ನಾನು ಕಾದೆ. ಆಗ ಗಾಡಿಯ ಮುಂದಿನಿಂದ ಅಳುದನಿಯೊಂದು ಬಂತು.

"ಇಲ್ಲ ಕಣಣ್ಣ. ಮೂರು ಕಡೆ ತೂತಾಗಿತ್ತು."

ನನ್ನ ಜನ್ಮದಲ್ಲೇ ಮೊದಲ ಸಲ, ಗಾಜಿನ ಮೇಲೆ ಆಡಿದ ಮಾತಿಗೆ ಉತ್ತರ ಬಂದಿತ್ತು. ಸಿದ್ದರಾಜು ಗಾಡಿಯಿಂದ ಬೀಳುವುದೊಂದು ಬಾಕಿ. ಇಳಿದವನೇ ತಮ್ಮನ ಕೆನ್ನೆಗೆ ಒಂದು ಬಾರಿಸಿ, "ಮನೆಗ್ ಬರೋನು ಪೆಟ್ಟಿಗೆ ಹೊತ್ಕೊಂಡ್ ಬತ್ತಾನೇನ್ಲಾ?" ಎಂದು ಬೈದು, ಅದೇ ಕೈಯಲ್ಲಿ ಅವನನ್ನು ತಬ್ಬಿಕೊಂಡ. ಆವತ್ತು ಕೋಳಿ ಸಾರಾಯಿತು. ಹಾರವನ್ನು ಎಮ್ಮೆ ತಿಂದಿತು.

ಆಮೇಲೆ ಕೆಂಪರಾಜುವಿನ ಕಾಯಿಲೆ ವಾಸಿಯಾಗಲೇ ಇಲ್ಲ. ಭಾನುವಾರ ಬಂದರೆ ಅವನು ಹಳ್ಳಿಗೆ, ಇಲ್ಲವೇ ಅಣ್ಣ ಇಲ್ಲಿಗೆ. ಇಬ್ಬರೂ ಹಿತ್ತಲಲ್ಲಿ ನನ್ನ ಪಕ್ಕ ಕೂತು ಹರಟುತ್ತಿದ್ದರು, ಕೆಲವು ಸಲ ಜಗಳವನ್ನೂ ಆಡುತ್ತಿದ್ದರು. ಆದರೆ ಜಗಳ ಮುಗಿಸದೆ ಎದ್ದು ಹೋಗುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಸಿದ್ದರಾಜು ನಿಜವಾಗಿಯೇ ನನ್ನೊಳಗೆ ಮಲಗಿದ. ನನಗೂ ಅವನು ಬೇಕಾದವನಾಗಿದ್ದ, ಬಹಳ ದುಃಖವಾಯಿತು. ಜನ ಬಂದರು, ಗಾಜಿನ ಮೇಲೆ ಬಿದ್ದರು, ಅತ್ತರು. ಕೆಂಪರಾಜು ಮಾತ್ರ ತಲೆದೆಸೆಯಲ್ಲಿ ಸುಮ್ಮನೆ ನಿಂತು, ಕಣ್ಣೊರೆಸಿಕೊಳ್ಳುತ್ತಿದ್ದ.

"ಚಿಕ್ಕಪ್ಪ, ಅಪ್ಪಂಗೆ ಏನಾರ ಹೇಳು ಚಿಕ್ಕಪ್ಪ" ಎಂದಳು ರೂಪ.

"ಎಲ್ಲಾ ಹೇಳಿವ್ನಿ ಕಣವ್ವ. ನೆನ್ನೆ ಗಂಟ ಹೇಳಿವ್ನಿ."

ಅಷ್ಟು ಪ್ರೀತಿಯ ಅಣ್ಣನಿಗೆ ಒಂದು ಮಾತೂ ಹೇಳದವನು ಅವನೊಬ್ಬನೇ. ಇದು ಹೇಗೆ ಎಂದು ನಾನು ಬಹಳ ದಿನ ಯೋಚಿಸಿದೆ.

ಈಗ ನನ್ನ ಮೋಟಾರು ನಿಂತಿದೆ. ಗಾಜು ತೆಗೆದು ಹಲಗೆ ಹೊದಿಸಿದ್ದಾರೆ. ಒಂದು ಕಾಲದಲ್ಲಿ ನನ್ನನ್ನು ಹೊರಗಟ್ಟಿದ ಜಯಮಣಿ ನನ್ನ ಮೇಲೆಯೇ ಕೂತು ಅವರೆಕಾಯಿ ಸುಲಿಯುತ್ತಾಳೆ. ಮನುಷ್ಯರು ನನ್ನನ್ನು ಕಂಡು ಹೆದರುತ್ತಾರೆ. ಆದರೆ ನನ್ನ ಹತ್ತಿರವೇ ಬಾಳಿದವನು ಎಲ್ಲರಿಗಿಂತ ಹಗುರಾಗಿದ್ದಾನೆ. ನನಗೆ ಇದು ಪೂರ್ತಿ ಬಗೆಹರಿದಿಲ್ಲ.

"ಜಯಾ, ಸಾರು ಚೆನ್ನಾಗಿತ್ತು ಕಣೆ" ಎಂದ ಕೆಂಪರಾಜು ಇವತ್ತು, ಪಕ್ಕದಲ್ಲಿ ಬಂದು ಕೂರುತ್ತ.

"ಬೆಳಗಿಂದ ಎಷ್ಟ್ ಸಲ ಹೇಳ್ತೀರಾ?"

"ನಿಂಗೆ ಕೇಳುಸ್ತೈತಲ್ಲ, ಅದಕ್ಕೇಯ."

ಜಯಮಣಿ ಅವರೆಕಾಯಿಯ ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದಳು.