ಅಟ್ಟದ ಮೇಲಿನ ಹದಿನಾಲ್ಕು ಪಾತ್ರೆ

ಗಾಳಿ ಬಂದದ್ದು ಶನಿವಾರ ಸಂಜೆ ನಾಲ್ಕೂವರೆಗೆ. ಮೇ ತಿಂಗಳ ಗಾಳಿಮಳೆ ಚಿಗಳ್ಳಿಗೆ ಹೊಸದೇನಲ್ಲ. ಪ್ರತಿ ವರ್ಷ ಬರುತ್ತದೆ, ನಾಲ್ಕು ಮಾವಿನಕಾಯಿ ಕೆಡವುತ್ತದೆ, ಕರೆಂಟು ತೆಗೆಯುತ್ತದೆ, ತನ್ನ ದಾರಿ ಹಿಡಿಯುತ್ತದೆ. ಈ ಸಲ ಮಾತ್ರ ಅದರ ಮೈಮೇಲೆ ಯಾರೋ ಬಂದಂತಿತ್ತು. ಮುಂಡಗೋಡ ರಸ್ತೆಯ ಒಂಬತ್ತು ವಿದ್ಯುತ್ ಕಂಬಗಳು ಪಂಕ್ತಿಯಲ್ಲಿ ಉಂಡವರ ಹಾಗೆ ಸಾಲಾಗಿ ಮಲಗಿದವು. ನಿಂಬೆಹಣ್ಣಿನ ಗಾತ್ರದ ಆಣೆಕಲ್ಲು ಬಿದ್ದು ಗೋವಿನಜೋಳದ ರಾಶಿ ಹೊದ್ದಿದ್ದ ತಾಡಪತ್ರಿಗಳು ಜರಡಿಯಾದವು. ಬಸವಣ್ಣನ ಗುಡಿಯ ತಗಡಿನ ಸೂರಂತೂ ಎದ್ದು ಹೋಗಿ ವೈನ್‌ಶಾಪಿನ ಹಿಂದೆ ಕುಡಿಯುವವರು ಕೂಡುವ ಜಾಗದ ಮೇಲೆ ಒಪ್ಪವಾಗಿ ಕೂತುಕೊಂಡಿತು. ಬಸವಣ್ಣ ಬಯಲಲ್ಲಿ ತೊಯ್ದ, ಕುಡುಕರು ಬೆಚ್ಚಗೆ ಉಳಿದರು. ದೇವರ ಲೀಲೆ ಅಂತ ಪೂಜಾರಿ ಹೇಳಿದ. ಬೇರೆ ಏನು ಹೇಳಿಯಾನು, ಪಾಪ.

ಕೆಳಗಿನ ಓಣಿಯಲ್ಲಿ ಗಾಳಿಗೆ ಪೂರ್ತಿ ಸಿಕ್ಕಿದ್ದು ಗಿರಿಜಾಬಾಯಿಯ ಮನೆ. ಹನ್ನೆರಡು ತಗಡು ಒಂದರ ಹಿಂದೆ ಒಂದು ಕಿತ್ತು ಹೋದವು. ಒಲೆಯ ಮುಂದೆ ಕೂತಿದ್ದವಳು ಕತ್ತೆತ್ತಿ ನೋಡಿದರೆ ಜಂತಿಗಳ ನಡುವೆ ಕರಿಮೋಡ ಕಾಣುತ್ತಿತ್ತು. ಬೇರೆ ಯಾವ ಹೆಂಗಸಾದರೂ ಎದೆ ಬಡಿದುಕೊಂಡು ಬೀದಿಗೆ ಓಡುತ್ತಿದ್ದಳು. ಗಿರಿಜಾಬಾಯಿ ನಿಚ್ಚಣಿಕೆ ಎಳೆದು ಅಟ್ಟ ಹತ್ತಿದಳು. ಮೇಲೆ ಸೂರಿಲ್ಲ, ತಲೆಯ ಮೇಲೆ ಆಣೆಕಲ್ಲು ಬೀಳುತ್ತಿದೆ, ಐವತ್ತೆಂಟು ವರ್ಷದ ಹೆಂಗಸು ಒದ್ದೆ ಕೌದಿಯೊಂದನ್ನು ಎಳೆದೆಳೆದು ಮೂಲೆಯಲ್ಲಿದ್ದ ಗುಡ್ಡೆಗೆ ಹೊದಿಸುತ್ತಿದ್ದಳು.

ಆ ಗುಡ್ಡೆಯಲ್ಲಿ ಹದಿನಾಲ್ಕು ಸ್ಟೀಲ್ ಪಾತ್ರೆಗಳಿದ್ದವು. ಹದಿನಾಲ್ಕರಲ್ಲಿ ಒಂದೂ ಅವಳದಲ್ಲ. ಪ್ರತಿಯೊಂದರ ಮೇಲೂ ಒಡತಿಯ ಹೆಸರು ಕೆತ್ತಿಸಿತ್ತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲು ನಾಚಿಕೊಂಡಾರು, ತಟ್ಟೆ ಲೋಟದ ಮೇಲೆ ತಮ್ಮ ಹೆಸರು ಹಾಕಿಸದೆ ಬಿಡುವವರಲ್ಲ.

ಅವು ಅಲ್ಲಿಗೆ ಬಂದದ್ದು ಹೀಗೆ. ಮೂರು ವರ್ಷದ ಹಿಂದೆ ಗಂಡ ಚನಬಸಪ್ಪ ತೀರಿಕೊಂಡ. ಹಿಟ್ಟಿನ ಗಿರಣಿ ನಡೆಸುತ್ತಿದ್ದವ, ಗಿರಣಿಯ ಪಟ್ಟಾ ಹಾಕುತ್ತಲೇ ಎದೆ ಹಿಡಿದು ಕೂತ, ಮತ್ತೆ ಏಳಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಓಣಿಯವರು ಐದು ದಿನ ಬುತ್ತಿ ತಂದರು. ರೊಟ್ಟಿ, ಪಲ್ಯ, ಅನ್ನ, ಸಾರು. ಬುತ್ತಿ ಮುಗಿಯಿತು, ಪಾತ್ರೆ ಉಳಿದವು.

ಪಾತ್ರೆಯ ವಿಷಯದಲ್ಲಿ ಊರಿಗೆ ಎರಡು ಕಟ್ಟಳೆ. ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕೊಡಬಾರದು, ಏನಿಲ್ಲದಿದ್ದರೆ ಚಮಚೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಆದರೆ ಸಾವಿನ ಮನೆಗೆ ಬುತ್ತಿ ತಂದ ಪಾತ್ರೆಯನ್ನು ಮಾತ್ರ ಖಾಲಿಯೇ ಕೊಡಬೇಕು. ತುಂಬಿ ಕೊಟ್ಟರೆ ಸಾವನ್ನೂ ತುಂಬಿ ಕಳಿಸಿದ ಹಾಗೆ. ಮೊದಲನೆಯ ಕಟ್ಟಳೆಯಲ್ಲಿ ಗಿರಿಜಾಬಾಯಿಯನ್ನು ಮೀರಿಸಿದವರು ಓಣಿಯಲ್ಲಿ ಇರಲಿಲ್ಲ. ಗಿರಣಿ ಮನೆ, ದೊಡ್ಡ ಕೈ. ಅವಳಿಗೆ ಬಟ್ಟಲು ಸಾರು ಕಳಿಸಿದರೆ ಅದೇ ಬಟ್ಟಲಲ್ಲಿ ಎರಡು ಹೋಳಿಗೆ ವಾಪಸು ಬರುತ್ತಿದ್ದವು. ಈ ಆಸೆಗೇ ಕೆಲವರು ನೀರು ಸಾರು ಕಳಿಸುತ್ತಿದ್ದರು ಅಂತ ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಹೋಳಿಗೆ ಇಡುತ್ತಿದ್ದಳು. ಎರಡನೆಯ ಕಟ್ಟಳೆ ಅವಳ ಪಾಲಿಗೆ ಬಂದಾಗ ಪಾತ್ರೆ ತೊಳೆದಳು, ಒರೆಸಿದಳು, ಹೊಸ್ತಿಲವರೆಗೆ ಒಯ್ದಳು, ಒಳಗೆ ತಂದಳು. ನಾಳೆ ಕೊಟ್ಟರಾಯಿತು ಅಂದುಕೊಂಡಳು. ನಾಳೆ ಅನ್ನುವುದು ತಿಂಗಳಾಯಿತು, ವರ್ಷವಾಯಿತು. ತಡವಾದ ಮೇಲೆ ಕೊಡಲು ನಾಚಿಕೆ, ಕೊಡದೆ ಇರಲೂ ನಾಚಿಕೆ. ಕೊನೆಗೆ ಎಲ್ಲವೂ ಅಟ್ಟ ಸೇರಿದವು.

ಇಷ್ಟೇ ಆಗಿದ್ದರೆ ನಗೆಚಾಟಿಕೆಯಲ್ಲಿ ಮುಗಿಯುತ್ತಿತ್ತು. ಹದಿನಾಲ್ಕರಲ್ಲಿ ಒಂದು, ಮೂರು ಖಾನೆಯ ಬುತ್ತಿ ಡಬ್ಬಿ, ಶಂಕ್ರವ್ವನದು. ತಂದುಕೊಟ್ಟವಳು ಶಂಕ್ರವ್ವನ ನೆಗೆಣ್ಣಿ ಕಾಶೆವ್ವ. ಅಣ್ಣ ತಮ್ಮಂದಿರ ಹೆಂಡಿರು, ಒಂದೇ ಮನೆಯ ಎರಡು ಪಾಲಿನಲ್ಲಿ ಇರುವವರು. ಡಬ್ಬಿ ಎಲ್ಲಿ ಅಂತ ಶಂಕ್ರವ್ವ ಕೇಳಿದಳು. ಗಿರಿಜಕ್ಕನ ಮನೆಯಲ್ಲೇ ಐತಿ ಅಂದಳು ಕಾಶೆವ್ವ. ಶಂಕ್ರವ್ವ ಬಂದು ಕೇಳಿದರೆ, ಗಿರಿಜಾಬಾಯಿಯ ಬಾಯಿಂದ ತಾನಾಗಿ ಒಂದು ಸುಳ್ಳು ಜಾರಿತು: ಕಾಶೆವ್ವನ ಕೈಲೇ ಆವತ್ತ ಕೊಟ್ಟು ಕಳಿಸೇನಲ್ಲ. ಅಲ್ಲಿಗೆ ಕಾಶೆವ್ವ ಡಬ್ಬಿ ಕಳ್ಳಿಯಾದಳು. ಅಂದಿನಿಂದ ನೆಗೆಣ್ಣಿಯರಿಗೆ ಮಾತಿಲ್ಲ. ಬೈಯುವುದಿದ್ದರೆ ಇಬ್ಬರೂ ಕೊಟ್ಟಿಗೆಯ ಎಮ್ಮೆಗೆ ಬೈಯುತ್ತಿದ್ದರು. ಮೂರು ವರ್ಷ ಆ ಎಮ್ಮೆ ಕೇಳಿದ್ದನ್ನು ಯಾವ ಸೊಸೆಯೂ ಕೇಳಿರಲಿಕ್ಕಿಲ್ಲ. ಇಬ್ಬರ ನಡುವೆ ರಾಜಿ ಮಾಡಿಸಲು ಗಿರಿಜಾಬಾಯಿಯೇ ಎರಡು ಸಲ ಹೋಗಿ, ಒಂದು ಡಬ್ಬಿಗೆ ಇಷ್ಟೊಂದು ಜಗಳ ಯಾಕ ಅಂತ ಬುದ್ಧಿ ಹೇಳಿ, ಚಹಾ ಕುಡಿದು ಬಂದಿದ್ದಳು. ಮನೆಗೆ ಬಂದು ಅಟ್ಟದ ಕಡೆ ನೋಡದೆ ಮಲಗಿದ್ದಳು.

ಈಗ ಸೂರು ಹಾರಿದೆ. ಮಳೆ ನಿಂತರೆ ಓಣಿಯೇ ಬರುತ್ತದೆ.

ಬಂತು ಕೂಡ. ಆಣೆಕಲ್ಲು ಇನ್ನೂ ಅಂಗಳದಲ್ಲಿ ಕರಗುತ್ತಿದ್ದವು, ಶಂಕ್ರವ್ವ ಮುಂದೆ, ಹತ್ತು ಹೆಂಗಸರು ಹಿಂದೆ, ಎಲ್ಲರಿಗಿಂತ ದೂರದಲ್ಲಿ ಕಾಶೆವ್ವ. ಶಂಕ್ರವ್ವನಿಗೆ ಎಪ್ಪತ್ತು ದಾಟಿದೆ, ತಹಶೀಲ್ದಾರರಿಗೂ ಏಕವಚನ. ಬಂದವಳೇ ಅಟ್ಟದ ಸಾಮಾನು ತೊಯ್ಯುತ್ತದೆ, ಇಳಿಸೋಣ ಅಂತ ಸೆರಗು ಬಿಗಿದು ನಿಚ್ಚಣಿಕೆಗೆ ಕೈ ಹಾಕಿದಳು. ಗಿರಿಜಾಬಾಯಿ ನಿಚ್ಚಣಿಕೆಗೆ ಅಡ್ಡ ನಿಂತಳು.

"ಮ್ಯಾಲ ಯಾರೂ ಹತ್ತಬ್ಯಾಡ್ರಿ," ಅಂದಳು. "ನಾಗರಹಾವು ಬಂದು ಸೇರೇತಿ."

ಸುಳ್ಳು ಒಳ್ಳೆಯದೇ. ಸಮಯಕ್ಕೆ ಸರಿಯಾಗಿ ಹೊಳೆಯಿತು ಅಂತ ಅವಳಿಗೇ ಸಮಾಧಾನವಾಯಿತು. ಹೆಂಗಸರು ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಗುಡಿಯ ಸೂರು ಹಾರಿದ್ದಕ್ಕೆ ದೇವರೇ ಇಲ್ಲಿಗೆ ಬಂದಿದ್ದಾನೆ ಅಂತ ಒಬ್ಬಳು ಅಂದಳು, ಉಳಿದವರಿಗೆ ಅದು ನಿಜವೆನ್ನಿಸಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಿರಿಜಾಬಾಯಿಯ ಹೊಸ್ತಿಲ ಬಳಿ ಹಾವಿಗೆ ಅಂತ ಮುಕ್ಕಾಲು ಲೀಟರ್ ಹಾಲು, ಎರಡು ತೆಂಗಿನಕಾಯಿ, ಐದು ಬಾಳೆಹಣ್ಣು ಬಂದಿದ್ದವು. ಸೂರಿಲ್ಲದ ಮನೆಯೊಡತಿಗೆ ಯಾರೂ ಏನೂ ತಂದಿರಲಿಲ್ಲ. ಅವಳು ಆ ಹಾಲಿನಲ್ಲೇ ಚಹಾ ಕಾಸಿಕೊಂಡು ಕುಡಿದಳು. ಹಾವಿನ ಪರವಾಗಿ ಬಾಳೆಹಣ್ಣನ್ನೂ ತಿಂದಳು.

ಹನ್ನೊಂದು ಗಂಟೆಗೆ ಕಂದಾಯ ಇಲಾಖೆಯ ತಲಾಟಿ ರುದ್ರೇಶ ಬಂದ. ಹಾನಿಯ ಪಟ್ಟಿ ಮಾಡುವುದು ಅವನ ಕೆಲಸ. ಹೊಸ ಹುಡುಗ, ಒಳ್ಳೆಯವ. ಒಳ್ಳೆಯವರಿಂದಲೇ ಮನುಷ್ಯರಿಗೆ ಹೆಚ್ಚು ಪೀಡೆ. ಜಂತಿ ಪಡಸಾಲೆ ಎಲ್ಲದರ ಫೋಟೋ ತೆಗೆದ. ಜಾಗ, ತಾರೀಖು, ಗಂಟೆ ಎಲ್ಲ ಫೋಟೋದ ಮೇಲೇ ಬರಬೇಕು, ಇಲ್ಲದಿದ್ದರೆ ಮೇಲಿನವರು ಗಾಳಿ ಬಂದದ್ದನ್ನೇ ನಂಬುವುದಿಲ್ಲ ಅಂತ ವಿವರಿಸಿದ. ಬಟ್ಟೆ ಪಾತ್ರೆ ಹಾನಿಗೂ ಒಂದು ಖಾನೆ ಇದೆ, ನಿಮ್ಮದು ಖಾಲಿ ಬಿಡಲು ಮನಸ್ಸು ಬರುವುದಿಲ್ಲ ಅಂದ. ಬಿಡಪ್ಪಾ, ಖಾಲಿ ಇರಲಿ ಅಂತ ಗಿರಿಜಾಬಾಯಿ ಮೂರು ಸಲ ಹೇಳಿದಳು. ಸಂಕೋಚ ಮಾಡಿಕೊಳ್ಳುತ್ತಿದ್ದಾಳೆ ಅಂತ ಅವನು ತಿಳಿದ.

ಅಷ್ಟರಲ್ಲಿ ಸೋಮಾ ಬಂದ. ಕಾಡಂಚಿನ ಸಿದ್ದಿಯರ ಹಾಡಿಯವನು. ತಗಡು ಹೊದಿಸುವುದರಲ್ಲಿ ತಾಲೂಕಿಗೇ ಹೆಸರು ಮಾಡಿದ ಕೈ. ಹೊಲದಲ್ಲಿ ಬಿದ್ದಿದ್ದ ಅವಳ ತಗಡುಗಳಲ್ಲಿ ಒಂಬತ್ತನ್ನು ಹುಡುಕಿ, ಸೊಟ್ಟ ಬಡಿದು ನೆಟ್ಟಗೆ ಮಾಡಿ ಹೊತ್ತು ತಂದಿದ್ದ. ಹಾವಿನ ಮಾತು ಕೇಳಿ ನಕ್ಕ. ಅಜ್ಜನ ಕಾಲದಿಂದ ಕಾಡಿನಲ್ಲಿರುವವನಿಗೆ ಹಾವು ಯಾವ ಲೆಕ್ಕ? ಅವಳು ಬೇಡ ಬೇಡ ಅನ್ನುತ್ತಿರುವಾಗಲೇ ಗೋಡೆ ಹಿಡಿದು ಅಟ್ಟಕ್ಕೆ ಏರಿಯಾಗಿತ್ತು. ನಾಗಪ್ಪನನ್ನು ನೋಡಲು ಓಣಿಯೆಲ್ಲ ಅಂಗಳದಲ್ಲಿ ಸೇರಿತು.

ಸೋಮಾ ಕೌದಿ ಎತ್ತಿದ. ಗುಡ್ಡೆಯನ್ನು ಕೈಯಿಂದ ಸರಿಸಿ ನೋಡಿದ.

"ಹಾವಿಲ್ಲರಿ," ಅಂದ. "ಬರೇ ಪಾತ್ರಿ ಅದಾವು."

ಅಂದವನು ಕೆಳಗೆ ಗಿರಿಜಾಬಾಯಿಯ ಮುಖ ನೋಡಿದ. ತಪ್ಪು ಮಾಡಿದೆ ಅಂತ ತಕ್ಷಣ ಗೊತ್ತಾಯಿತು, ಕೌದಿಯನ್ನು ಮತ್ತೆ ಎಳೆಯಲು ಹೋದ. ಆದರೆ ಪಾತ್ರೆ ಅಂದ ಮಾತು ರುದ್ರೇಶನ ಕಿವಿಗೆ ಬಿದ್ದಾಗಿತ್ತು. ನೋಡ್ರಿ ಅಮ್ಮಾರ, ಇದ್ದಾವಲ್ಲ, ಆಣೆಕಲ್ಲು ಬಿದ್ದು ನೆಗ್ಗಿರುತ್ತವೆ, ಇಳಿಸು ಇಳಿಸು ಅಂತ ಅವನು ಖುಷಿಯಿಂದ ಪೆನ್ನು ತೆಗೆದ. ಸೋಮಾ ಇನ್ನೇನು ಮಾಡಿಯಾನು, ಒಂದೊಂದಾಗಿ ಇಳಿಸಿದ. ರುದ್ರೇಶ ಒಂದೊಂದನ್ನೂ ತಿರುವಿ, ಅದರ ಮೇಲಿದ್ದದ್ದನ್ನು ಶಾಲೆಯಲ್ಲಿ ಹಾಜರಿ ಕರೆದಂತೆ ದೊಡ್ಡ ದನಿಯಲ್ಲಿ ಓದುತ್ತಾ ಬರೆದುಕೊಳ್ಳತೊಡಗಿದ. ಬೋಗುಣಿ ಒಂದು, ಸುವರ್ಣಾ. ತಂಬಿಗೆ ಒಂದು, ಲಕ್ಷ್ಮಿ, ಮದುವೆಯ ಉಡುಗೊರೆ. ಕಟೋರಿ ಎರಡು, ಪೂರ್ಣಿಮಾ, ಸೀಮಂತದ ಸವಿನೆನಪಿಗೆ. ಐದನೆಯದಕ್ಕೆ ಬರುವಾಗ ಅವನ ದನಿ ಸಣ್ಣದಾಯಿತು. ಓದಿದ ಹೆಸರಿನ ಹೆಂಗಸರೆಲ್ಲ ಎದುರಿಗೇ ನಿಂತಿದ್ದರು.

ಕೊನೆಗೆ ಬಂದದ್ದು ಮೂರು ಖಾನೆಯ ಡಬ್ಬಿ. ಅದನ್ನು ಓದುವ ಧೈರ್ಯ ಅವನಿಗೆ ಬರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಶಂಕ್ರವ್ವ ಡಬ್ಬಿ ನೋಡಿದಳು. ಮೂರು ವರ್ಷದಲ್ಲಿ ಮೊದಲ ಸಲ ಕಾಶೆವ್ವನ ಮುಖ ನೋಡಿದಳು. ಕಾಶೆವ್ವ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. ಇನ್ನು ಇವರು ತಬ್ಬಿಕೊಂಡು ಅಳುತ್ತಾರೆ ಅಂತ ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ಚಿಗಳ್ಳಿಯ ನೆಗೆಣ್ಣಿಯರು ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ಗಿರಿಜಾಬಾಯಿಯ ಕಡೆ ತಿರುಗಿ, ಮೂರು ವರ್ಷ ಎಮ್ಮೆಗೆ ಬೈದದ್ದನ್ನೆಲ್ಲ ಅಸಲು ಬಡ್ಡಿ ಸಮೇತ ಅವಳಿಗೆ ಮುಟ್ಟಿಸಿದರು. ಒಬ್ಬಳು ಬಿಟ್ಟ ಮಾತನ್ನು ಇನ್ನೊಬ್ಬಳು ಹಿಡಿದಳು. ಅಷ್ಟು ಹೊಂದಿಕೊಂಡು ಅವರು ಏನನ್ನೂ ಮಾಡಿದ್ದನ್ನು ಓಣಿ ನೋಡಿರಲಿಲ್ಲ. ಕಳ್ಳಿ ಅಂದರು. ನಮ್ಮ ಮನೆ ಮುರಿದವಳು ಅಂದರು. ರಾಜಿ ಮಾಡಿಸಲು ಬಂದು ಕುಡಿದ ಚಹಾವನ್ನೂ ಬಿಡಲಿಲ್ಲ.

ಗಿರಿಜಾಬಾಯಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಸೂರು ಹೋದದ್ದು ಏನೂ ಅಲ್ಲ, ಮೂವತ್ತೈದು ವರ್ಷ ಹೋಳಿಗೆ ಇಟ್ಟು ಇಟ್ಟು ಗಳಿಸಿದ ಹೆಸರು ಅಂಗಳದಲ್ಲಿ ಹದಿನಾಲ್ಕು ಪಾತ್ರೆಯಾಗಿ ಬಿದ್ದಿತ್ತು.

ಬೈದು ಬೈದು ಉಸಿರು ಸೋತ ಮೇಲೆ ಶಂಕ್ರವ್ವ ಕೇಳಿದಳು. "ತುಂಬಿ ಕೊಡಾಕ ಇಲ್ಲಂತ ಇಟ್ಕೊಂಡ್ಯಾ? ಸಾವಿನ ಮನಿ ಪಾತ್ರಿ ಖಾಲಿನ ಕೊಡಬೇಕು ಅನ್ನೂದು ನಿನಗ ಗೊತ್ತಿರಲಿಲ್ಲೇನ?"

"ಗೊತ್ತಿತ್ತು," ಅಂದಳು ಗಿರಿಜಾಬಾಯಿ. "ಕೈ ಬರಲಿಲ್ಲ."

"ಯಾಕ?"

"ಈ ಮನಿಯಿಂದ ಎಂದರ ಖಾಲಿ ಪಾತ್ರಿ ಹೋಗೇತೇನ ಶಂಕ್ರವ್ವಾ? ಖಾಲಿ ಕೊಟ್ರ, ಅವರು ಖರೇನ ಹೋದ್ರು ಅಂತ ಆಗ್ತೈತಲ್ಲ."

ಸುವರ್ಣಾ ಸೆರಗಿನ ತುದಿ ತಿರುವುತ್ತಾ ನೆಲ ನೋಡಿದಳು. ರುದ್ರೇಶ ಪಟ್ಟಿಯಲ್ಲಿ ಬರೆದದ್ದನ್ನು ಗೀಟು ಹಾಕಿ ಹೊಡೆದು, ಪಾತ್ರೆ ಹಾನಿ ಇಲ್ಲ ಅಂತ ಬರೆದ. ಬರೆದ ಮೇಲೆ ಇನ್ನೇನು ಮಾಡಬೇಕೆಂದು ತಿಳಿಯದೆ ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ನಿಂತ.

ಶಂಕ್ರವ್ವ ಮುಂದೆ ಬಂದು ಎರಡೂ ಕೈ ಚಾಚಿದಳು. ಕೊಡು ಅಂದಳು. ಗಿರಿಜಾಬಾಯಿ ಬಗ್ಗಿ ಡಬ್ಬಿ ಎತ್ತಿಕೊಂಡಳು. ಒಳಗಿದ್ದ ಮಳೆನೀರು ಚೆಲ್ಲಿದಳು, ಸೆರಗಿನಿಂದ ಮೂರೂ ಖಾನೆ ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಇನ್ನು ಒರೆಸಲು ಏನೂ ಉಳಿಯಲಿಲ್ಲ. ಕೊಟ್ಟಳು. ಶಂಕ್ರವ್ವ ಮುಚ್ಚಳ ತೆಗೆದು ಡಬ್ಬಿಯನ್ನು ಎಲ್ಲರೆದುರು ಬೋರಲು ಹಿಡಿದು, ತಳಕ್ಕೆ ಎರಡು ಸಲ ತಟ್ಟಿದಳು.

"ಈಗ ಹೋದ ನೋಡು ಚನಬಸಪ್ಪ," ಅಂದಳು. "ಮೂರು ವರ್ಷ ಅವನನ್ನ ಅಟ್ಟದ ಮ್ಯಾಲ ಕೂಡಿಸಿ ಇಟ್ಟಿದ್ದಿಯಲ್ಲ. ಕಾಲು ಜೋಮು ಹಿಡಿದಿರತಾವು, ಪಾಪ."

ಗಿರಿಜಾಬಾಯಿಗೆ ಮೊದಲು ನಗು ಬಂತು. ತಡೆಯಲಾಗದೆ ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಹೆಂಗಸರೂ ನಕ್ಕರು. ನಗುತ್ತ ನಗುತ್ತ ಅವಳು ಅಂಗಳದ ಕೆಸರಿನಲ್ಲೇ ಕೂತುಬಿಟ್ಟಳು. ಚನಬಸಪ್ಪನಿಗೆ ಮಣ್ಣು ಕೊಟ್ಟ ದಿನವೂ ಬಂದವರಿಗೆ ನೀರು ಕೊಡುವುದರಲ್ಲಿ, ಕೂಡಲು ಚಾಪೆ ಹಾಸುವುದರಲ್ಲಿ ಅಳುವುದನ್ನು ಮರೆತಿದ್ದಳು. ಈಗ ಅತ್ತಳು. ಬಾಯಿ ಬಿಟ್ಟು, ದನಿ ತೆಗೆದು, ಯಾರಿಗೂ ನಾಚದೆ ಅತ್ತಳು. ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಪಾತ್ರೆಯನ್ನು ಅವಳ ಕೈಗೆ ಕೊಟ್ಟು, ಅವಳ ಕೈಯಿಂದಲೇ ಖಾಲಿ ಇಸಿದುಕೊಂಡರು. ಕಾಶೆವ್ವ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆನ್ನು ಸವರಿದಳು. ಸಿಟ್ಟು ಇಳಿದಿರಲಿಲ್ಲ, ಸವರುವ ಕೈ ಆಗಾಗ ಗುದ್ದಿದಂತೆಯೂ ಇತ್ತು.

ಮೇಲೆ ಜಂತಿಯ ಮೇಲೆ ಕೂತಿದ್ದ ಸೋಮಾ ಆಕಾಶ ನೋಡಿದ. ಹಳಿಯಾಳದ ಕಡೆ ಮತ್ತೆ ಮೋಡ ಕಟ್ಟುತ್ತಿತ್ತು. ತಗಡು ಏರಿಸಲೇನ್ರಿ ಅಂತ ಮೆಲ್ಲಗೆ ಕೇಳಿದ.

"ತಡಿಯೋ," ಅಂದಳು ಕಾಶೆವ್ವ. "ಆಕಿ ಅಳೂದು ಮುಗೀಲಿ."