ಬೇರು ನೋಡುವ ಚಟ

ಬೂಷ್ಟು ಕಂಡರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಇವಳಿಗೆ ಅದನ್ನು ಸಾಕುವುದೇ ಉದ್ಯೋಗ. ಸಂಶೋಧನಾ ಕೇಂದ್ರದ ಹಿಂಬದಿಯ ತಂಪು ಕೋಣೆಯಲ್ಲಿ ಅನ್ನ ಬೇಯಿಸಿ, ಬಾಟಲಿಗೆ ತುಂಬಿ, ಆರಿದ ಮೇಲೆ ಚಿಟಿಕೆ ಶಿಲೀಂಧ್ರ ಹಾಕಿ ಕುಲುಕಿಡುವಳು. ಅದು ಮೊದಲು ಬಿಳಿಯಾಗಿ, ಆಮೇಲೆ ತೆಳು ಗುಲಾಬಿಯಾಗಿ ಅನ್ನದ ತುಂಬ ಹಬ್ಬುತ್ತಿತ್ತು. ಅತ್ತಿಗೆ ಇವಳಿಗೆ ಬೂಷ್ಟಮ್ಮ ಎಂದು ಹೆಸರಿಟ್ಟಿದ್ದಳು. ಈಗ ಅಣ್ಣನೂ ಫೋನಿನಲ್ಲಿ ಹಾಗೆಯೇ ಕರೆಯುತ್ತಿದ್ದ.

ಈ ಬೂಷ್ಟು ಜೋಳದ ತಂಟೆಗೆ ಹೋಗುವುದಿಲ್ಲ. ಅದಕ್ಕೆ ಬೇಕಾದ್ದು ಜೋಳದ ಬೇರಿಗೆ ಬಾಯಿ ಹಚ್ಚಿ ರಸ ಹೀರುವ ಒಂದು ಕಳೆ. ಆ ಕಳೆಯ ಬೀಜ ಧೂಳಿನಷ್ಟು ಸಣ್ಣದು. ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಬಿದ್ದಿದ್ದು, ಜೋಳದ ಬೇರು ಹತ್ತಿರ ಬಂದಾಗ ಕಣ್ಣು ಬಿಡುತ್ತದೆ. ಮೇಲೆ ಬಂದು ಚೆಂದದ ನೇರಳೆ ಹೂ ತೋರಿಸುವ ಹೊತ್ತಿಗೆ ನೆಲದೊಳಗೆ ಅದರ ಊಟ ಅರ್ಧ ಮುಗಿದಿರುತ್ತದೆ. ಅತ್ತಿಗೆಯ ಹೊಲ ಹಿಂದಿನ ಎರಡು ಬೆಳೆಗಳಲ್ಲೂ ಇದರ ಪಾಲಾಗಿತ್ತು. ಅಣ್ಣ ಲಾರಿ ಓಡಿಸಿಕೊಂಡು ದೂರದೂರ ತಿರುಗುವವನು, ಹೊಲದ ವಿಷಯದಲ್ಲಿ ಕಡೆಯ ಮಾತು ಅತ್ತಿಗೆಯದೇ.

"ಇದೊಂದು ಸಲ ನಿನ್ನ ಬೂಷ್ಟು ಹಾಕಿ ನೋಡೋಣ," ಎಂದಿದ್ದಳು ಅತ್ತಿಗೆ. "ಆಗ್ಲಿಲ್ಲ ಅಂದ್ರೆ ಇಟ್ಟಿಗೆ ಗೂಡಿನವನಿಗೆ ಮಣ್ಣು ತಗೊಂಡು ಹೋಗಪ್ಪಾ ಅಂತೀನಿ. ಆಗ್ಲಿಂದ ಬಾಗಿಲು ತಟ್ತಾ ಇದಾನೆ."

ಮೇಲ್ಮಣ್ಣು ಹೋದ ನೆಲ ಮತ್ತೆ ಹೊಲವಾಗುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಹೊಲದ ಮಧ್ಯೆ ಹಗ್ಗ ಕಟ್ಟಿದರು. ಎಡಗಡೆ ಬರೀ ಜೋಳ, ಬಲಗಡೆ ಪ್ರತಿ ಗುಣಿಯಲ್ಲೂ ಬೀಜದ ಜೊತೆ ಚಿಟಿಕೆ ಬೂಷ್ಟಿನ ಅನ್ನ. ಕೇಂದ್ರದ ಮೇಡಂ ಹೇಳಿದ್ದು ಒಂದೇ ಮಾತು: ಕಾಳು ಕಟ್ಟುವವರೆಗೆ ಯಾರೂ ಕೈ ಹಾಕಬಾರದು.

ಕೈ ಹಾಕದೆ ಇರುವುದೇ ಇವಳಿಗೆ ಬಾರದ ವಿದ್ಯೆ. ಕುಕ್ಕರಿನ ಸೀಟಿಗೆ ಕಾಯಲಾರದೆ ಮುಚ್ಚಳ ಮುಟ್ಟಿ ಬೆರಳು ಸುಟ್ಟುಕೊಂಡವಳು. ನಡೆಯುವುದೆಲ್ಲ ನೆಲದೊಳಗೆ ಎಂದಮೇಲೆ ಮೇಲಿಂದ ಏನು ಕಂಡೀತು? ರಜೆ ಸಿಕ್ಕಿತೆಂದರೆ ಬಸ್ಸು ಹಿಡಿದು ಬರುವಳು, ಅತ್ತಿಗೆ ಅಡುಗೆಮನೆಯಲ್ಲಿದ್ದಾಗ ಸಣ್ಣ ಗುದ್ದಲಿ ತೆಗೆದುಕೊಂಡು ಬಲಗಡೆಯ ಒಂದು ಗಿಡವನ್ನು ಬುಡಸಮೇತ ಎಬ್ಬಿಸುವಳು. ಬೇರಿನಲ್ಲಿ ಕಳೆಯ ಮೊಳಕೆ ಕಪ್ಪಾಗಿ ಕೊಳೆತಿದ್ದರೆ ಎದೆ ಹಗುರವಾಗುತ್ತಿತ್ತು. ಆದರೆ ಪಕ್ಕದ ಗಿಡದಲ್ಲಿ? ಅದನ್ನೂ ಎಬ್ಬಿಸುವಳು. ಅಲ್ಲಿ ಬೆಳ್ಳಗೆ ಕೊಬ್ಬಿದ ಮೊಳಕೆ ಕಂಡರೆ ಅದನ್ನು ಸುಳ್ಳು ಮಾಡಲು ಇನ್ನೊಂದು ಗಿಡ. ಎಡಗಡೆ ಒಂದನ್ನೂ ಮುಟ್ಟಲಿಲ್ಲ. ಅಲ್ಲಿ ಏನಾಗುತ್ತದೆಂದು ಗೊತ್ತಿತ್ತು, ಗೊತ್ತಿದ್ದದ್ದರ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ.

ಅತ್ತಿಗೆಯ ಕೈಗೆ ಎರಡನೇ ಸಲ ಸಿಕ್ಕಿಬಿದ್ದಳು.

"ಏನೇ ಇದು? ಕಳೆಗೆ ತಿನ್ನೋಕೆ ಏನಾದ್ರೂ ಉಳಿಸ್ತೀಯೋ ಇಲ್ವೋ?"

"ಇದೊಂದೇ ಅತ್ತಿಗೆ. ಸುಮ್ನೆ ಬೇರು ನೋಡೋಣ ಅಂತ."

"ಹೋದ ಸಲ ಬಂದಾಗ್ಲೂ ಒಂದೇ ಅಂದಿದ್ದೆ," ಎಂದು ಅತ್ತಿಗೆ ಗುದ್ದಲಿ ಕಿತ್ತುಕೊಂಡು ಒಳಗೆ ಹೋದಳು. ಮುಂದಿನ ಸಲ ಇವಳು ಚೀಲದಲ್ಲಿ ತನ್ನದೇ ಗುದ್ದಲಿ ತಂದಿದ್ದಳು.

ತೆನೆ ಬಲಿತ ಮೇಲೆ ಮೇಡಂ ಬಂದರು. ಎಡಗಡೆಯ ಸಾಲುಗಳಲ್ಲಿ ಜೋಳಕ್ಕಿಂತ ನೇರಳೆ ಹೂವೇ ಹೆಚ್ಚು. ಬಲಗಡೆ ಹೂವು ಅಲ್ಲೊಂದು ಇಲ್ಲೊಂದು, ತೆನೆಗಳೂ ತುಂಬಿದ್ದವು. ಇವಳಿಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಮೇಡಂ ಸಾಲಿನ ನಡುವೆ ನಿಂತುಬಿಟ್ಟರು. ಬಾಚಣಿಗೆಯ ಹಲ್ಲು ಮುರಿದ ಹಾಗೆ ಸಾಲಿನುದ್ದಕ್ಕೂ ಖಾಲಿ ಜಾಗ.

"ಇಲ್ಲಿದ್ದ ಗಿಡ ಎಲ್ಲಿ?"

ಇವಳು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಹಂದಿ ನುಗ್ಗಿತ್ತು ಮೇಡಂ," ಎಂದಳು, ಕಣ್ಣು ಪಿಳುಕಿಸದೆ.

ಹಂದಿಯ ತಲೆಗೆ ಕಟ್ಟಿ ಸುಮ್ಮನಿರಬಹುದಿತ್ತು. ಆದರೆ ಈ ಲೆಕ್ಕ ನಂಬಿ ನಾಳೆ ಬೇರೆಯವರು ತಮ್ಮ ಹೊಲಕ್ಕೆ ಇದೇ ಬೂಷ್ಟು ಹಾಕುತ್ತಾರೆ. ಅವರಿಗೆ ಯಾವ ಹಂದಿಯನ್ನು ತೋರಿಸುವುದು?

"ಹಂದಿ ಅಲ್ಲ ಮೇಡಂ, ನಾನು. ತಡ್ಕೊಳ್ಳೋಕೆ ಆಗ್ಲಿಲ್ಲ. ಬೇರು ನೋಡ್ತಾ ಇದ್ದೆ."

ಮೇಡಂ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಬಗ್ಗಿ, ಸಡಿಲವಾದ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿದರು.

"ಸುತ್ತಲಿನ ಮಣ್ಣೆಲ್ಲ ಅಗೆದಿದ್ದೀಯ. ಈಗ ಕಳೆ ಸತ್ತಿದ್ದು ಬೂಷ್ಟಿನಿಂದಲೋ, ನಿನ್ನ ಗುದ್ದಲಿಯಿಂದಲೋ? ನೀನೇ ಹೇಳು."

ಈ ಹೊಲ ಲೆಕ್ಕಕ್ಕಿಲ್ಲ ಎಂದು ಮೇಡಂ ಕಾರು ಹತ್ತಿದರು. ಇವಳು ಬದುವಿನ ಮೇಲೆ ಕೂತು ಅತ್ತಳು. ತಾನೇ ಉಣ್ಣಿಸಿ ಬೆಳೆಸಿದ್ದನ್ನು ತಾನೇ ಹಾಳುಮಾಡಿದ್ದಳು. ಜೊತೆಗೆ ಅತ್ತಿಗೆಯ ಹೊಲವನ್ನೂ ಮುಳುಗಿಸಿದ್ದಳು. ಬೇರೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ.

ಹೊತ್ತಿಳಿಯುವಾಗ ಗೂಡಿನವನು ಬಂದ. ಬೈಕಿನಿಂದ ಇಳಿಯದೆ, "ಏನಕ್ಕಾ, ಕೊಯ್ಲು ಮುಗಿದ ಕೂಡ್ಲೆ ಗಾಡಿ ಕಳಿಸ್ಲಾ?" ಎಂದ.

ಅತ್ತಿಗೆ ಹೊಲದ ಕಡೆ ನೋಡಿದಳು. ಎಡಗಡೆ ನೋಡಿದಳು, ಬಲಗಡೆ ನೋಡಿದಳು.

"ಬೇಡಪ್ಪ. ಇನ್ನೊಂದು ಸಲ ಬಿತ್ತಬೇಕು."

"ಹೋದ ವರ್ಷಾನೂ ಇದೇ ಕತೆ ಹೇಳಿದ್ರಿ."

"ಈ ವರ್ಷದ ಕತೆ ಬೇರೆ. ಹೋಗಿ ಬಾ."

ಬೈಕು ಕಣ್ಮರೆಯಾದ ಮೇಲೆ ಇವಳು ಮೂಗು ಒರೆಸಿಕೊಂಡು ಎದ್ದಳು. "ಯಾಕೆ ಅತ್ತಿಗೆ? ಗೆದ್ದಿತೋ ಸೋತಿತೋ ನನಗೇ ಗೊತ್ತಿಲ್ಲ. ಮೇಡಂಗೂ ಗೊತ್ತಿಲ್ಲ."

"ನನಗೇನು ಗೊತ್ತಾ? ಅದಕ್ಕೇ ಕಣೇ." ಅತ್ತಿಗೆಯ ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಬರೀ ಸೋತಿದ್ರೆ ಕೈ ತೊಳ್ಕೊಂಡು ಆರಾಮಾಗಿ ನಿದ್ದೆ ಮಾಡ್ತಿದ್ದೆ. ಈಗ ಮಣ್ಣು ಕೊಟ್ಬಿಟ್ರೆ ಆ ನೆಲದೊಳಗೆ ಏನಾಗಿತ್ತು ಅಂತ ಜನ್ಮಪೂರ್ತಿ ಒದ್ದಾಡ್ಬೇಕು. ನಿನ್ನ ಚಡಪಡಿಕೆ ನನಗೂ ಅಂಟಿಸಿಬಿಟ್ಟೆ."

ಇವಳಿಗೆ ನಗು ಬಂತು, ಮತ್ತೆ ಅಳುವೂ ಬಂತು.

"ಒಂದು ಮಾತು," ಎಂದಳು ಅತ್ತಿಗೆ. "ಬಿತ್ತೋ ದಿನ ಬೂಷ್ಟು ಕೊಟ್ಟು ಬಸ್ಸು ಹತ್ತು. ಕೊಯ್ಲಿನವರೆಗೆ ಈ ಕಡೆ ತಲೆ ಹಾಕ್ಬೇಡ."

"ಬದು ಮೇಲೆ ನಿಂತು ನೋಡ್ತೀನಿ ಅತ್ತಿಗೆ. ಇಳಿಯೋದೇ ಇಲ್ಲ."

ಅತ್ತಿಗೆ ಆಗಲೇ ಬಲಗಡೆಯ ಸಾಲಿಗೆ ಇಳಿದು, ಒಂದು ಜೋಳದ ಗಿಡದ ಬುಡಕ್ಕೆ ಕೈ ಹಾಕಿದ್ದಳು.